ರಿಪೇರಿಯಲ್ಲಿದ್ದ ಲಾರಿಗಳು

ಪಾಳಿ ಕೋಣೆಯ ಕೀಬೋರ್ಡನ್ನು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೆಂಪು ಧೂಳು ಕೂತು ಅಕ್ಷರಗಳು ಮುಚ್ಚಿಹೋಗುತ್ತಿದ್ದವು. ಮೂರನೇ ಅಂಕಿಯ ಕೀ ಮಾತ್ರ ಯಾವಾಗಲೂ ಹೊಳೆಯುತ್ತಿತ್ತು. ಆ ನವೆಂಬರಿನ ಮೊದಲ ವಾರದ ದಿನಚರಿಯಲ್ಲಿ ಇದನ್ನು ಬರೆದುಕೊಂಡಿದ್ದೇನೆ. ಯಾಕೆ ಹೊಳೆಯುತ್ತದೆ ಎಂಬುದು ಆಗ ಗೊತ್ತಿರಲಿಲ್ಲ.

ಅದಿರಿಗೆ ಬೆಲೆ ಏರಿದ್ದ ವರ್ಷಗಳವು. ಸಂಡೂರಿನ ಗುಡ್ಡಗಳಿಂದ, ಅದಿರನ್ನು ರೈಲಿಗೆ ತುಂಬುವ ಹೊಸಪೇಟೆಯ ಸೈಡಿಂಗಿನವರೆಗೆ ಲಾರಿಗಳು ಹಗಲು ರಾತ್ರಿ ಒಂದರ ಹಿಂದೆ ಒಂದು ಹೋಗುತ್ತಿದ್ದವು. ರಸ್ತೆ ಬದಿಯ ಬೇವಿನ ಮರ, ಹೋಟೆಲಿನ ಗೋಡೆ, ಕಟ್ಟಿಹಾಕಿದ ಎಮ್ಮೆ, ಎಲ್ಲದಕ್ಕೂ ಒಂದೇ ಬಣ್ಣ ಬಂದಿತ್ತು. ನಾನು ಒಬ್ಬ ಪ್ರಾಧ್ಯಾಪಕರ ಯೋಜನೆಯಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿದ್ದೆ. ಒಂದು ಸಂಸ್ಥೆ ಕೈಲೆಕ್ಕ ಬಿಟ್ಟು ಕಂಪ್ಯೂಟರ್ ವ್ಯವಸ್ಥೆಗೆ ಬಂದಾಗ ಅಲ್ಲಿನ ಜನರ ಕೆಲಸ ಹೇಗೆ ಬದಲಾಗುತ್ತದೆ, ಜನ ಆ ವ್ಯವಸ್ಥೆಯನ್ನು ಹೇಗೆ ಬದಲಿಸಿಕೊಳ್ಳುತ್ತಾರೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಆರಿಸಿಕೊಂಡಿದ್ದು ಹೊಸಪೇಟೆಯ ಹೊರಗೆ ಸಂಡೂರು ರಸ್ತೆಯಲ್ಲಿದ್ದ ಒಂದು ಅದಿರು ಸಾಗಾಣಿಕೆ ಕಂಪನಿಯ ಲಾರಿ ಯಾರ್ಡು. ನಮ್ಮ ಮನೆ ಕಂಪ್ಲಿಯಲ್ಲಿ. ದಿನಾ ಹೋಗಿಬರುವುದು ಆಗದ ಮಾತಾದ್ದರಿಂದ ಟಿ.ಬಿ. ಡ್ಯಾಂನ ಕ್ವಾರ್ಟರ್ಸಿನಲ್ಲಿದ್ದ ಚಿಕ್ಕಪ್ಪನ ಮನೆಯಲ್ಲಿ ಉಳಿದುಕೊಂಡೆ.

ಯಾರ್ಡಿನ ನಡುವೆ ತಗಡಿನ ಮಾಡಿನ ಒಂದು ಕೋಣೆ. ಯಾವ ಲಾರಿ ಯಾವುದರ ನಂತರ ಗಣಿಗೆ ಹೋಗಬೇಕು ಎಂಬ ಪಾಳಿಯನ್ನು ಅಲ್ಲಿ ನಿರ್ಧರಿಸುತ್ತಿದ್ದರು. ಮೊದಲು ಅದಕ್ಕೊಂದು ಸ್ಲೇಟು ಇತ್ತಂತೆ. ನಾನು ಹೋಗುವ ಹೊತ್ತಿಗೆ ಕಂಪ್ಯೂಟರ್ ಬಂದು ಅರ್ಧ ವರ್ಷವಾಗಿತ್ತು. ಪರದೆಯಲ್ಲಿ ಪ್ರತಿ ಲಾರಿಯ ಮುಂದೆ ಅದರ ಸ್ಥಿತಿಯನ್ನು ಹಾಕಬೇಕು. ಒಂದು ಒತ್ತಿದರೆ 'ಸಿದ್ಧ', ಎರಡು ಒತ್ತಿದರೆ 'ಲೋಡಿಗೆ ಹೋಗಿದೆ', ಮೂರು ಒತ್ತಿದರೆ 'ರಿಪೇರಿ'. ನಾಲ್ಕನೆಯದು ಇರಲಿಲ್ಲ. ಖಾಲಿ ಬಿಡಲು ವ್ಯವಸ್ಥೆ ಒಪ್ಪುತ್ತಿರಲಿಲ್ಲ.

ಇದನ್ನೆಲ್ಲ ಒತ್ತುತ್ತಿದ್ದವರು ಪಾಳಿ ಗುಮಾಸ್ತರು. ಐವತ್ತು ದಾಟಿದ್ದವರು, ಹಿಂದೆ ನಮ್ಮ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆದವರು. ನಮ್ಮ ಮನೆಯವರ ಪರಿಚಯವಿದ್ದುದರಿಂದ ಮೊದಲ ದಿನದಿಂದಲೇ ನನ್ನನ್ನು ತಂಗಿ ಎಂದು ಕರೆದರು. ಅದರಲ್ಲಿ ಅಕ್ಕರೆಗಿಂತ ಕೊಂಕು ಹೆಚ್ಚು. ನಾನು ಗಡಿಯಾರ ನೋಡಿ ಏನಾದರೂ ಗುರುತು ಹಾಕಿಕೊಂಡರೆ, ಡ್ರೈವರುಗಳ ಕಡೆ ತಿರುಗಿ, "ಸೀನಬ್ಯಾಡ್ರಲೇ, ಅದನ್ನೂ ಬರಕೊಂತಾರ" ಎನ್ನುತ್ತಿದ್ದರು. ಡ್ರೈವರುಗಳು ಕೊಡುತ್ತಿದ್ದ ಚಹಾ, ಎಲೆಅಡಿಕೆಯನ್ನು ಅವರು ಯಾವತ್ತೂ ಬೇಡ ಎಂದವರಲ್ಲ. ಇದನ್ನೂ ಬರೆದುಕೊಂಡಿದ್ದೇನೆ.

ನನ್ನ ವಿಧಾನ ಹೀಗಿತ್ತು. ಮೊದಲ ಎರಡು ವಾರ ಸುಮ್ಮನೆ ಕೂತು ನೋಡುವುದು. ಪರದೆಯಲ್ಲಿ ದಾಖಲಾಗುವುದನ್ನೂ ಕಣ್ಣೆದುರು ನಡೆಯುವುದನ್ನೂ ಬೇರೆ ಬೇರೆ ಪುಟದಲ್ಲಿ ಬರೆಯುವುದು. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ಎಲ್ಲಿ ಹೊಂದುವುದಿಲ್ಲ ಎಂದು ಹುಡುಕುವುದು. ಮಾಹಿತಿ ವ್ಯವಸ್ಥೆಯನ್ನು ಅರಿಯಬೇಕಾದರೆ ಯಂತ್ರವನ್ನು ನೋಡಿದರೆ ಸಾಲದು, ಅದರೊಳಗೆ ಮಾಹಿತಿ ಹಾಕುವವನಿಗೆ ಅದರಿಂದ ಏನಾಗುತ್ತದೆ ಎಂಬುದನ್ನು ನೋಡಬೇಕು ಎಂದು ಪ್ರಾಧ್ಯಾಪಕರು ಹೇಳಿಕೊಟ್ಟಿದ್ದರು. ಯಾರು ಏನು ಹೇಳಿದರು ಎಂಬುದನ್ನು ಅವರ ಒಪ್ಪಿಗೆಯಿಲ್ಲದೆ ಆಡಳಿತಕ್ಕೆ ತಿಳಿಸಬಾರದು ಎಂಬ ನಿಯಮವೂ ಇತ್ತು. ಅದನ್ನು ಮೊದಲ ದಿನವೇ ಗುಮಾಸ್ತರಿಗೆ ಓದಿ ಹೇಳಿದ್ದೆ. ಅವರು ನಕ್ಕಿದ್ದರು.

ಮೊದಲು ಕಣ್ಣಿಗೆ ಬಿದ್ದದ್ದು ರಿಪೇರಿಯ ಲೆಕ್ಕ. ಅರವತ್ತು ಚಿಲ್ಲರೆ ಲಾರಿಗಳಲ್ಲಿ ಯಾವ ಹೊತ್ತಿಗೆ ನೋಡಿದರೂ ಹತ್ತು ಹನ್ನೆರಡು ರಿಪೇರಿಯಲ್ಲಿರುತ್ತಿದ್ದವು. ಆದರೆ ಯಾರ್ಡಿನ ವರ್ಕ್‌ಶಾಪಿಗೆ ಬಂದ ಬಿಡಿಭಾಗ ಅದರ ಕಾಲು ಭಾಗಕ್ಕೂ ಸಾಲುತ್ತಿರಲಿಲ್ಲ. ವರ್ಕ್‌ಶಾಪಿನವರು ಹಳೆಯ ಬಿಡಿಭಾಗ ಹಾಕಿ ಕೈ ತೊಳೆದುಕೊಳ್ಳುತ್ತಿರಬಹುದು ಎಂದು ನಾನು ಊಹಿಸಿದೆ. ಪ್ರಾಧ್ಯಾಪಕರಿಗೂ ಅದು ಸರಿ ಎನಿಸಿತು. ಒಂದು ವಾರ ಆ ದಾರಿಯಲ್ಲೇ ಹೋದೆ. ಮೆಕ್ಯಾನಿಕ್ಕುಗಳ ಹಾಜರಿ, ಗ್ರೀಸಿನ ಡಬ್ಬಿ, ಸವೆದ ಬ್ರೇಕ್ ಲೈನರುಗಳ ರಾಶಿ, ಎಲ್ಲವನ್ನೂ ತಾಳೆ ನೋಡಿದೆ. ಎಲ್ಲೂ ಮೋಸ ಕಾಣಲಿಲ್ಲ. ರಿಪೇರಿಯಲ್ಲಿದ್ದ ಲಾರಿಗಳು ವರ್ಕ್‌ಶಾಪಿಗೆ ಬಂದೇ ಇರಲಿಲ್ಲ.

ಹಾಗಾದರೆ ಅವು ಎಲ್ಲಿದ್ದವು? ಮರುದಿನ ಮಧ್ಯಾಹ್ನ ಪರದೆಯಿಂದ ರಿಪೇರಿಯ ನಂಬರುಗಳನ್ನು ಬರೆದುಕೊಂಡು ಯಾರ್ಡಿನೊಳಗೆ ಹುಡುಕುತ್ತ ಹೊರಟೆ. ಹಿಂದುಗಡೆಯ ಗೋಡೆಯ ಪಕ್ಕ ಹುಣಸೆಮರಗಳ ನೆರಳಿನಲ್ಲಿ ಅಷ್ಟೂ ಲಾರಿಗಳು ಸಾಲಾಗಿ ನಿಂತಿದ್ದವು. ಒಂದರದ್ದೂ ಬಾನೆಟ್ ತೆರೆದಿರಲಿಲ್ಲ. ಬೋಲ್ಟು ತಿರುಗಿಸುವ ಪಾನಾದ ಸದ್ದಿಲ್ಲ, ಜ್ಯಾಕಿಲ್ಲ. ಮೊದಲ ಲಾರಿಯ ಕ್ಯಾಬಿನ್ನಿನ ಕಿಟಕಿಯಿಂದ ಎರಡು ಪಾದಗಳು ಹೊರಗೆ ಚಾಚಿದ್ದವು. ಎರಡನೆಯದರಿಂದಲೂ. ಮೂರನೆಯದಕ್ಕೆ ಟವೆಲ್ಲಿನ ಪರದೆ ಕಟ್ಟಿತ್ತು, ಒಳಗಿನಿಂದ ಗೊರಕೆ ಕೇಳುತ್ತಿತ್ತು. ನಾನು ಹಿಂದಿರುಗಿ ಬಂದು ಗುಮಾಸ್ತರ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವರು ನನ್ನ ಮುಖ ನೋಡಿದರು.

"ಕಂಡ್ರಿ ಏನು, ನಮ್ಮ ರಿಪೇರಿ?" ಎಂದರು.

ಅವರ ಹಿಂದಿನ ಗೋಡೆಗೆ ಎರಡು ಸಾಲು ಮೊಳೆ ಹೊಡೆದ ಒಂದು ಹಲಗೆ ಇತ್ತು. ಅದರಲ್ಲಿ ಲಾರಿಯ ಚಾವಿಗಳು ತೂಗುತ್ತಿರುವುದನ್ನು ಮೊದಲ ದಿನದಿಂದ ನೋಡುತ್ತಿದ್ದೆ, ಏನೆಂದು ಕೇಳಿರಲಿಲ್ಲ. ಈಗ ಅವರೇ ಬಿಡಿಸಿ ಹೇಳಿದರು. ಯಾರ್ಡಿನಲ್ಲಿ ಸ್ಲೇಟಿನ ಕಾಲದಿಂದ ಒಂದು ಪದ್ಧತಿ ಇತ್ತು. ಕಣ್ಣು ಎಳೆಯಲು ಶುರುವಾದ ಡ್ರೈವರ್ ಬಂದು ತನ್ನ ಚಾವಿಯನ್ನು ಮೊಳೆಗೆ ಹಾಕಿ ಹೋಗಿ ಮಲಗುತ್ತಾನೆ. ಅವನ ಪಾಳಿ ಬಂದರೆ ಅವನನ್ನು ಎಬ್ಬಿಸುವುದಿಲ್ಲ, ಹಿಂದಿನವನನ್ನು ಕಳಿಸುತ್ತಾರೆ. ಆದರೆ ಅವನ ಜಾಗ ಹೋಗುವುದಿಲ್ಲ. ಎದ್ದು ಬಂದು ಚಾವಿ ತೆಗೆದುಕೊಂಡ ಕೂಡಲೇ ಮುಂದಿನ ಲಾರಿ ಅವನದೇ. ಚಾವಿ ಮೊಳೆಯ ಮೇಲಿದ್ದಷ್ಟು ಹೊತ್ತು ಪಾಳಿ ಭದ್ರ.

ಕಂಪ್ಯೂಟರ್ ಬಂದಾಗ ಈ ಮೊಳೆಯ ವಿಷಯ ಅದರ ಪ್ರೋಗ್ರಾಂ ಬರೆದವರಿಗೆ ಯಾರೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. 'ಸಿದ್ಧ' ಎಂದಿರುವ ಲಾರಿ ಕರೆದಾಗ ಬರದಿದ್ದರೆ ವ್ಯವಸ್ಥೆ ಅದನ್ನು ಸಾಲಿನ ತುದಿಗೆ ಎಸೆಯುತ್ತಿತ್ತು. ರಿಪೇರಿಗೆ ಮಾತ್ರ ವಿನಾಯಿತಿ. ಲಾರಿ ಕೆಟ್ಟರೆ ಡ್ರೈವರಿನ ತಪ್ಪಲ್ಲವಲ್ಲ ಎಂದು ಅದರ ಜಾಗವನ್ನು ಹಾಗೇ ಕಾಯುತ್ತಿತ್ತು. ಗುಮಾಸ್ತರು ಇದನ್ನು ಮೊದಲ ವಾರದಲ್ಲೇ ಕಂಡುಕೊಂಡಿದ್ದರು. ಅಂದಿನಿಂದ ಡ್ರೈವರುಗಳು ಚಾವಿ ತೂಗುಹಾಕಿ, "ಅಣ್ಣಾ, ಮೂರು ಹೊಡಿ" ಎಂದು ಹೇಳಿ ಮಲಗಲು ಹೋಗುತ್ತಿದ್ದರು. ಹೊಳೆಯುವ ಕೀಯ ಕಾರಣ ಅದು.

ಆ ದಿನ ಪ್ರಾಧ್ಯಾಪಕರಿಗೆ ಫೋನು ಮಾಡಲಿಲ್ಲ. ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದೆ. ಸಂಶೋಧನೆಯ ದೃಷ್ಟಿಯಿಂದ ಅದು ಒಳ್ಳೆಯ ಕಾಣ್ಕೆ. ವ್ಯವಸ್ಥೆಯಲ್ಲಿ ಹೆಸರಿಲ್ಲದ ಕೆಲಸವೊಂದು ಬೇರೆ ಹೆಸರಿನಲ್ಲಿ ಬದುಕಿಕೊಂಡಿತ್ತು. ಆದರೆ ಒಂದೇ ಯಾರ್ಡು, ಒಬ್ಬರೇ ಗುಮಾಸ್ತರು. ಹೆಸರು ಮುಚ್ಚಿ ಬರೆದರೂ ಯಾರೆಂದು ತಿಳಿಯದೆ ಇರುವುದಿಲ್ಲ. ಸದ್ಯಕ್ಕೆ ಯಾರಿಗೂ ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟೆ.

ಆ ಮಾತು ಒಂದು ತಿಂಗಳು ಉಳಿಯಿತು. ಡಿಸೆಂಬರ್ ಕೊನೆಗೆ ವ್ಯವಸ್ಥೆ ತಾನಾಗಿ ತಯಾರಿಸಿದ ವರದಿಯೊಂದು ಮ್ಯಾನೇಜರರ ಮೇಜಿಗೆ ಬಂತು. ಅತಿ ಹೆಚ್ಚು ರಿಪೇರಿಯಾದ ಹತ್ತು ಲಾರಿಗಳ ಪಟ್ಟಿ. ಅವನ್ನು ಜನವರಿಯಿಂದ ಕೆಲಸದಿಂದ ಕೈಬಿಡುವುದಾಗಿ ನೋಟಿಸು ಅಂಟಿಸಿದರು. ಪಟ್ಟಿಯ ತಲೆಯಲ್ಲಿದ್ದದ್ದು ಎಮ್ಮಿಗನೂರಿನ ಒಬ್ಬ ಡ್ರೈವರಿನ ಲಾರಿ.

ಲಾರಿ ಅವರದೇ. ಮೊದಲು ಅದರಲ್ಲಿ ಕಬ್ಬು ಹೊಡೆಯುತ್ತಿದ್ದರು. ನಲವತ್ತರ ಆಸುಪಾಸು, ಮಾತು ಕಡಿಮೆ, ಕ್ಯಾಬಿನ್ನಿನೊಳಗೆ ಚಪ್ಪಲಿ ಹಾಕುತ್ತಿರಲಿಲ್ಲ. ಒಮ್ಮೆ ಕಬ್ಬಿನ ಲೋಡಿನೊಂದಿಗೆ ತೂಕಡಿಸಿ, ಎಚ್ಚರಾದಾಗ ಮುಂದಿನ ಗಾಲಿ ಕಾಲುವೆ ಏರಿಯ ಮೇಲಿತ್ತಂತೆ. ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಎರಡು ಟ್ರಿಪ್ಪಿಗೊಮ್ಮೆ ಮಲಗುವುದನ್ನು ತಪ್ಪಿಸಿರಲಿಲ್ಲ. ಉಳಿದವರು ಕಣ್ಣಿಗೆ ನೀರು ಹಾಕಿಕೊಂಡು, ಗುಟ್ಕಾ ಅಗಿದು ಇನ್ನೊಂದು ಟ್ರಿಪ್ಪು ಎಳೆದರೆ ಇವರು ಚಾವಿ ಮೊಳೆಗೆ ಹಾಕುತ್ತಿದ್ದರು. ಯಾರ್ಡಿನಲ್ಲಿ ಎಲ್ಲರಿಗಿಂತ ಎಚ್ಚರದ ಡ್ರೈವರ್ ವ್ಯವಸ್ಥೆಯ ಕಣ್ಣಿಗೆ ಎಲ್ಲಕ್ಕಿಂತ ಕೆಟ್ಟ ಲಾರಿಯಾಗಿದ್ದರು.

ಅವರು ಮೊದಲು ಮಾಡಿದ್ದು ಸರಿಯಾದ ಕೆಲಸವೇ. ಲಾರಿಯನ್ನು ಹೊಸಪೇಟೆಯ ದೊಡ್ಡ ಗ್ಯಾರೇಜಿಗೆ ಒಯ್ದು ಬ್ರೇಕು, ಸ್ಪ್ರಿಂಗಿನ ಪಾಟಾ, ಸ್ಟೀರಿಂಗು ಎಲ್ಲ ತಪಾಸಣೆ ಮಾಡಿಸಿ, ಲಾರಿ ಸುಸ್ಥಿತಿಯಲ್ಲಿದೆ ಎಂದು ಬರೆಸಿಕೊಂಡು ಬಂದರು. ಆಫೀಸಿನ ಸೂಪರ್‌ವೈಸರ್ ಅದನ್ನು ನೋಡಿ, ಇಷ್ಟು ಚಲೋ ಲಾರಿ ದಿನಕ್ಕೊಂದು ಸಲ ಯಾಕೆ ಕೆಡುತ್ತದೆ, ಗ್ಯಾರೇಜಿನವನ ಕೈ ಬೆಚ್ಚಗೆ ಮಾಡಿರಬೇಕು ಎಂದು ಎಲ್ಲರೆದುರು ನಕ್ಕ. ಡ್ರೈವರ್ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಲಾರಿ ಚೆನ್ನಾಗಿದೆ ಎಂದು ಸಾಬೀತು ಮಾಡಿದಷ್ಟೂ ರಿಪೇರಿಯ ಸುಳ್ಳು ಎದ್ದು ಕಾಣುತ್ತಿತ್ತು.

ಅವತ್ತೇ ಸಂಜೆ ಅವರು ನನ್ನನ್ನು ಹುಣಸೆಮರದ ಕೆಳಗೆ ಕರೆದರು. ಗುಮಾಸ್ತರೂ ನಾಲ್ಕೈದು ಡ್ರೈವರುಗಳೂ ಇದ್ದರು.

"ಅಕ್ಕಾರ, ನೀವ್ ಹೇಳಿಬಿಡ್ರಿ. ನಮ್ಮ ಮಾತು ಅವ್ರು ನಂಬಂಗಿಲ್ಲ, ನಿಮ್ಮದು ನಂಬ್ತಾರ" ಎಂದರು. "ನಾ ಕಳ್ಳತನ ಮಾಡಿಲ್ಲ. ಮಲಗೇನಿ, ಅಷ್ಟ."

ಗುಮಾಸ್ತರು ಅಡಿಕೆ ಉಗಿದು ಬಂದರು. "ಹೇಳಿದ್ರ ಇವನ ಲಾರಿ ಉಳೀತೈತಿ. ಉಳಿದವ್ರ ನಿದ್ದಿ ಹೋಗ್ತೈತಿ. ಲೆಕ್ಕ ಮಾಡಾಕ ನೀವೇ ಶಾಣ್ಯಾರದೀರಿ, ಮಾಡ್ರಿ ತಂಗಿ."

ಒಬ್ಬ ಡ್ರೈವರ್ ಹೇಳಬೇಡಿ ಎಂದ. ಇನ್ನೊಬ್ಬ, ಇವತ್ತು ಇವರ ಲಾರಿ, ನಾಳೆ ನಮ್ಮದೂ ಪಟ್ಟಿಯಲ್ಲಿ ಬರುತ್ತದೆ, ಹೇಳಿಬಿಡಲಿ ಎಂದ. ಪಟ್ಟಿಯಲ್ಲಿ ತಮ್ಮ ಲಾರಿಯಿದ್ದ ಇಬ್ಬರು ನೆಲ ನೋಡುತ್ತ ನಿಂತಿದ್ದರು. ನಾನು ಪ್ರಾಧ್ಯಾಪಕರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು, ಸಂಬಂಧಪಟ್ಟವರು ಒಪ್ಪಿದರೆ ಮಾತ್ರ ಹೇಳಬಹುದು, ಹೇಳುವುದಾದರೆ ದೂರಾಗಿ ಅಲ್ಲ, ಸಲಹೆಯಾಗಿ ಹೇಳೋಣ ಎಂದರು. ವ್ಯವಸ್ಥೆಯಲ್ಲಿ ಪಾಳಿಯ ಜಾಗ ಕಾಯುವ ನಾಲ್ಕನೆಯ ಸ್ಥಿತಿಯೊಂದು ಬರಲಿ, ಅದರ ಹೆಸರು 'ವಿಶ್ರಾಂತಿ' ಎಂದಿರಲಿ. ನಿದ್ದೆಗೆ ಅದರದೇ ಹೆಸರು ಸಿಕ್ಕರೆ ಸುಳ್ಳು ಬೇಕಾಗುವುದಿಲ್ಲ. ನನಗೆ ಇದು ಸರಿ ಎನಿಸಿತು. ಗುಮಾಸ್ತರು ಕೊನೆಗೆ, ತಮ್ಮ ಮೇಲೆ ಕ್ರಮ ಬಾರದ ಹಾಗೆ ಮೊದಲೇ ಮಾತು ತಗೊಳ್ಳಿ ಎಂದು ಒಪ್ಪಿದರು. ಹೇಳುವುದೆಂದು ತೀರ್ಮಾನವಾಯಿತು.

ಮ್ಯಾನೇಜರ್ ಕೆಟ್ಟವರಲ್ಲ. ಬಂದರಿನಲ್ಲಿ ಹಡಗು ಕಾಯುತ್ತಿದೆ ಎಂಬ ಫೋನು ಅವರ ಮೇಜಿನ ಮೇಲೆ ದಿನವಿಡೀ ಬಡಿದುಕೊಳ್ಳುತ್ತಿತ್ತು. ಆದರೂ ಪ್ರಾಧ್ಯಾಪಕರೂ ನಾನೂ ಹೇಳಿದ್ದನ್ನು ಪೂರ್ತಿ ಕೇಳಿದರು. ಮೊಳೆಯ ಹಲಗೆಯನ್ನು ಬಂದು ನೋಡಿದರು. "ನಿದ್ದೆ ಮಾಡ್ಲಿ ಮೇಡಂ, ಯಾರು ಬೇಡ ಅಂದ್ರು? ನಮಗೆ ಬೇಕಾಗಿರೋದು ಸರಿಯಾದ ಡೇಟಾ" ಎಂದರು. ಪಟ್ಟಿ ರದ್ದಾಯಿತು. ಗುಮಾಸ್ತರ ಮೇಲೆ ಕ್ರಮ ಆಗಲಿಲ್ಲ. ಹದಿನೈದು ದಿನದಲ್ಲಿ ನಾಲ್ಕನೆಯ ಸ್ಥಿತಿ ಪರದೆಯ ಮೇಲೆ ಬಂತು. ಎಮ್ಮಿಗನೂರಿನ ಡ್ರೈವರ್ ಒಂದು ಪೊಟ್ಟಣ ಮಿರ್ಚಿ ಬಜ್ಜಿ ತಂದು ಕೋಣೆಯಲ್ಲಿ ಎಲ್ಲರಿಗೂ ಹಂಚಿದರು. ಗುಮಾಸ್ತರೂ ಎರಡು ತಿಂದರು.

ಅದರ ಜೊತೆಗೆ ಎರಡು ಬದಲಾವಣೆಗಳೂ ಬಂದವು. ರಿಪೇರಿ ಎಂದು ಹಾಕಬೇಕಾದರೆ ವರ್ಕ್‌ಶಾಪಿನ ಚೀಟಿಯ ನಂಬರು ಕೊಡಬೇಕು. ವಿಶ್ರಾಂತಿ ಎಂದು ಹಾಕಿದ ಲಾರಿ ಸಾಲಿನ ತುದಿಗೆ ಹೋಗುತ್ತದೆ. ಎರಡನೆಯದನ್ನು ನೋಡಿದ ದಿನ ನಾನು ಮ್ಯಾನೇಜರರ ಹತ್ತಿರ ಹೋಗಿ, ಮೊಳೆಯ ಪದ್ಧತಿಯಲ್ಲಿ ಜಾಗ ಉಳಿಯುತ್ತಿತ್ತು, ನಾವು ಕೇಳಿದ್ದು ಅದನ್ನೇ ಎಂದು ಹೇಳಿದೆ. ಸಾಫ್ಟ್‌ವೇರಿನವರನ್ನು ಕೇಳಿದ್ದೇನೆ, ರಿಪೇರಿ ಆಕಸ್ಮಿಕ, ವಿಶ್ರಾಂತಿ ಇಷ್ಟಪಟ್ಟು ಮಾಡುವುದು, ಎರಡಕ್ಕೂ ಒಂದೇ ನಿಯಮ ಇಟ್ಟರೆ ಎಲ್ಲರೂ ಮಲಗುತ್ತಾರೆ ಎನ್ನುತ್ತಾರೆ, ಮುಂದಿನ ಸಲ ನೋಡೋಣ ಎಂದರು. ಲಿಖಿತವಾಗಿ ಕೊಟ್ಟೆ. ಎರಡು ಸಲ ಕೊಟ್ಟೆ. ಪ್ರಾಧ್ಯಾಪಕರೂ ಬರೆದರು. ಮೊಳೆಯ ಹಲಗೆಯನ್ನು ಕಿತ್ತು ಗೋಡೆಗೆ ಸುಣ್ಣ ಬಳಿದರು. ಮೊಳೆಯ ತೂತುಗಳು ಸುಣ್ಣದೊಳಗಿಂದಲೂ ಕಾಣುತ್ತಿದ್ದವು.

ನಾಲ್ಕನೆಯ ಕೀಯ ಮೇಲೆ ಧೂಳು ಕೂತಿತು. ತುದಿಗೆ ಹೋದರೆ ಅಂದಿನ ಒಂದು ಟ್ರಿಪ್ಪು ಹೋಯಿತೆಂದೇ ಅರ್ಥ. ವಾರಕ್ಕೆ ಇಷ್ಟು ಟ್ರಿಪ್ಪು ಆಗದ ಲಾರಿಯನ್ನು ಕೈಬಿಡುವ ನಿಯಮ ಮೊದಲಿನಿಂದಲೂ ಇತ್ತು. ಹುಣಸೆಮರದ ಕೆಳಗೆ ಈಗ ಲಾರಿಗಳಿರಲಿಲ್ಲ. ಗುಮಾಸ್ತರು ನನ್ನೊಂದಿಗೆ ಮಾತು ಬಿಟ್ಟಿದ್ದರು. ನಾನು ಬಂದರೆ ಸ್ಟೂಲನ್ನು ಕಾಲಿನಿಂದ ಈಚೆ ತಳ್ಳುತ್ತಿದ್ದರು. ಕೂರಲು ಹೇಳುವುದು ಅಷ್ಟೇ.

ಎಮ್ಮಿಗನೂರಿನ ಡ್ರೈವರ್ ಮೊದಲ ವಾರ ನಾಲ್ಕು ಒತ್ತಿಸಿಯೇ ಮಲಗಿದರು. ಎರಡನೆಯ ವಾರವೂ. ಮೂರನೆಯ ವಾರ ಸೂಪರ್‌ವೈಸರ್ ಟ್ರಿಪ್ಪು ಕಡಿಮೆಯಾಗಿದೆ ಎಂದು ಎಚ್ಚರಿಕೆ ಕೊಟ್ಟ. ಮರುದಿನ ಪಾಳಿ ಕೋಣೆಯ ಹೊರಗೆ ಡ್ರಮ್ಮಿನ ನೀರಿನಲ್ಲಿ ಮುಖ ತೊಳೆಯುತ್ತಿದ್ದ ಅವರನ್ನು ಕಂಡೆ. ಎಷ್ಟನೆಯ ಟ್ರಿಪ್ಪು ಎಂದು ಕೇಳಿದೆ. ಬಾಯಿ ಮುಕ್ಕಳಿಸಿ, "ಮಲಗಿದ್ರ ಪಾಳಿ ಹೊಕ್ಕೈತಿ, ಮಲಗದಿದ್ರ ನಾ ಹೊಕ್ಕೇನಿ. ನೋಡೂಣು ಯಾವ್ದು ಮೊದ್ಲು" ಎಂದು ನಕ್ಕರು. ಇದನ್ನು ಆ ದಿನವೇ ಮ್ಯಾನೇಜರರಿಗೆ ಹೇಳಿದೆ. ಅವರು ಪೆನ್ನಿನಿಂದ ಒಂದು ಕಾಗದದ ಮೂಲೆಯಲ್ಲಿ ಏನೋ ಗುರುತು ಹಾಕಿಕೊಂಡರು.

ಫೆಬ್ರವರಿಯ ಒಂದು ಬುಧವಾರ ಮಧ್ಯಾಹ್ನ ಸಂಡೂರು ಕಡೆಯ ಇಳಿಜಾರಿನ ತಿರುವಿನಲ್ಲಿ ಅವರ ಲಾರಿ ರಸ್ತೆ ಬಿಟ್ಟು ಬಂಡೆಗೆ ಹೊಡೆಯಿತು. ಬಿಸಿಲು ನಿಚ್ಚಳವಾಗಿತ್ತು, ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ರಸ್ತೆಯ ಮೇಲೆ ಬ್ರೇಕ್ ಹಾಕಿದ ಗುರುತೇ ಇರಲಿಲ್ಲ ಎಂದು ಹಿಂದಿನ ಲಾರಿಯವನು ಹೇಳಿದ. ಕ್ಯಾಬಿನ್ನನ್ನು ಗ್ಯಾಸಿನಿಂದ ಕೊಯ್ದು ಅವರನ್ನು ಹೊರಗೆ ತೆಗೆದರು.

ಪಾಳಿ ಕೋಣೆಯಲ್ಲಿ ಪರದೆ ಎರಡು ದಿನ ಅವರ ಲಾರಿಯನ್ನು 'ಲೋಡಿಗೆ ಹೋಗಿದೆ' ಎಂದೇ ತೋರಿಸುತ್ತಿತ್ತು. ಗುಮಾಸ್ತರು ಅದನ್ನು ಬದಲಿಸಿರಲಿಲ್ಲ. ಯಾವ ಅಂಕಿ ಒತ್ತಬೇಕೆಂದು ಅವರು ಯಾರನ್ನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರನೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಹೋದೆವು, ಬೇರೆ ಬೇರೆ ಸೀಟಿನಲ್ಲಿ. ಡ್ರೈವರಿಗೆ ಎಚ್ಚರವಿತ್ತು. ಹೊದಿಕೆ ಬಲಗಾಲಿನ ಕಡೆ ಮಂಡಿಯವರೆಗೆ ಉಬ್ಬಿ, ಅಲ್ಲಿಂದ ಕೆಳಗೆ ಮಂಚಕ್ಕೆ ಸಪಾಟಾಗಿ ಇಳಿದಿತ್ತು. ಅವರ ಹೆಂಡತಿ ಕಿಟಕಿಯ ಹತ್ತಿರ ಕೂತು ಕಿತ್ತಳೆ ಸುಲಿಯುತ್ತಿದ್ದರು, ನಮ್ಮ ಕಡೆ ನೋಡಲಿಲ್ಲ. ಗುಮಾಸ್ತರು ಮಂಚದ ಕಬ್ಬಿಣ ಹಿಡಿದು ನಿಂತರು. ಲಾರಿಯನ್ನು ಕ್ರೇನಿನಿಂದ ಎತ್ತಿ ವರ್ಕ್‌ಶಾಪಿಗೆ ತಂದಿದ್ದಾರೆ ಎಂದರು.

"ಚೀಟಿ ಹರದಾರೇನು?" ಡ್ರೈವರ್ ಕೇಳಿದರು.

ರಿಪೇರಿಯ ಚೀಟಿ ಬರೆದು ಹರಿದು ಕೊಟ್ಟಿದ್ದಾರೆ ಎಂದು ಗುಮಾಸ್ತರು ತಲೆಯಾಡಿಸಿದರು.

"ಹಂಗಾರ ಈಗ ಮೂರು ಹೊಡಿ ಅಣ್ಣಾ. ಪಾಳಿ ಇರ್ತೈತಿ."

ಗುಮಾಸ್ತರು ಹೊರಗೆ ಹೋಗಿ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ನಿಂತರು. ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಕೂತರು. ಯಾರ್ಡಿಗೆ ಬಂದು, ಬೂಟಿನ ಧೂಳೂ ಕೊಡವದೆ ನೇರ ಕೋಣೆಗೆ ಹೋಗಿ ಚೀಟಿಯ ನಂಬರು ಹಾಕಿ ಮೂರು ಒತ್ತಿದರು.

ಮಾರ್ಚಿನಲ್ಲಿ ಅಧ್ಯಯನದ ಅವಧಿ ಮುಗಿಯಿತು. ಮ್ಯಾನೇಜರ್ ನಮಗೆ ರಿಪೇರಿಯ ನಕ್ಷೆಯನ್ನು ಮುದ್ರಿಸಿ ಕೊಟ್ಟರು. ಡಿಸೆಂಬರ್ ತನಕ ಎತ್ತರದಲ್ಲಿದ್ದ ಗೆರೆ ಜನವರಿಯಲ್ಲಿ ಕಡಿದುಕೊಂಡ ಹಾಗೆ ಕೆಳಗೆ ಬಿದ್ದಿತ್ತು. ನಿಮ್ಮ ಅಧ್ಯಯನದಿಂದ ನಮ್ಮ ಡೇಟಾ ಶುದ್ಧವಾಯಿತು ಎಂದು ಅವರು ಮನಸ್ಸಿನಿಂದಲೇ ಹೇಳಿದರು.

ಪ್ರಾಧ್ಯಾಪಕರ ಕೋಣೆಯಲ್ಲಿ ಕೂತು ಅದೇ ಅಂಕಿಗಳಿಂದ ಪ್ರಬಂಧಕ್ಕೆ ಇನ್ನೊಂದು ನಕ್ಷೆ ಸಿದ್ಧಪಡಿಸುತ್ತಿದ್ದೆವು. ಪ್ರತಿ ಲಾರಿ ಎಷ್ಟು ಹೊತ್ತು ರಿಪೇರಿಯಲ್ಲಿತ್ತು ಎಂಬುದಕ್ಕೆ ಒಂದೊಂದು ಚುಕ್ಕೆ. ಜನವರಿಯ ನಂತರದ ಚುಕ್ಕೆಗಳೆಲ್ಲ ತಳದಲ್ಲಿ ಗುಂಪಾಗಿದ್ದವು. ಒಂದು ಮಾತ್ರ ಹಾಳೆಯ ಮೇಲಂಚಿನಲ್ಲಿ ಒಂಟಿಯಾಗಿತ್ತು. ಅದರಿಂದಾಗಿ ಸರಾಸರಿ ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಪ್ರಾಧ್ಯಾಪಕರು ಪೆನ್ಸಿಲಿನಿಂದ ಅದರ ಸುತ್ತ ಒಂದು ವೃತ್ತ ಎಳೆದು, ಇಂಥ ಹೊರಗಿನ ಬಿಂದುವನ್ನು ಸಾಮಾನ್ಯವಾಗಿ ಲೆಕ್ಕದಿಂದ ಬಿಡುತ್ತಾರೆ, ಬಿಡೋಣವೇ ಎಂದು ಕೇಳಿದರು. ಅದು ಯಾವ ಲಾರಿ ಎಂದು ಅವರು ನಂಬರು ನೋಡಿರಲಿಲ್ಲ.

"ತೆಗೀಬ್ಯಾಡ್ರಿ ಸರ್" ಎಂದೆ. "ಆ ಲಾರಿ ಹೆಸರಿನ್ಯಾಗ ಖರೇ ರಿಪೇರಿ ಅದೊಂದೇ."

ಅವರು ನಂಬರು ನೋಡಿದರು. ಆಮೇಲೆ ರಬ್ಬರು ತೆಗೆದುಕೊಂಡು ವೃತ್ತವನ್ನು ಅಳಿಸಿದರು. ಚುಕ್ಕೆ ಹಾಗೇ ಉಳಿಯಿತು.